ಪರೀಕ್ಷಕ ನಿಂತ ಹಲಗೆ

ನಾಗಪುರದ ಉತ್ತರಕ್ಕೆ, ಸಾವನೇರ್ ತಾಲ್ಲೂಕಿನ ಖಾಪರಖೇಡಾದಲ್ಲಿ ಮಹಾರಾಷ್ಟ್ರ ಸರ್ಕಾರದ ವಿದ್ಯುತ್ ಉತ್ಪಾದನಾ ಕಂಪನಿ ಮಹಾಜೆನ್ಕೊ ನಡೆಸುವ ಶಾಖೋತ್ಪನ್ನ ಸ್ಥಾವರವಿದೆ. 210 ಮೆಗಾವಾಟಿನ ನಾಲ್ಕು ಘಟಕ, 500 ಮೆಗಾವಾಟಿನ ಒಂದು, ಒಟ್ಟು 1,340 ಮೆಗಾವಾಟ್. ನಮ್ಮ ರಾಯಚೂರಿನ ಶಕ್ತಿನಗರದಲ್ಲೂ ಎಂಟರಲ್ಲಿ ಏಳು ಘಟಕ ಇದೇ 210 ಮೆಗಾವಾಟಿನವು. ಹೀಗಾಗಿ ಒಂದನ್ನು ಕುರಿತು ಹೇಳುವ ಬಹುಪಾಲು ಮಾತು ಇನ್ನೊಂದಕ್ಕೂ ಸಲ್ಲುತ್ತದೆ. ಇಂಥ ಘಟಕದ ಬಾಯ್ಲರು ನೆಲದ ಮೇಲೆ ಕುಳಿತಿರುವುದಿಲ್ಲ. ಹತ್ತಾರು ಮೀಟರ್ ಎತ್ತರದ ಉಕ್ಕಿನ ಚೌಕಟ್ಟಿನಿಂದ ಕೆಳಕ್ಕೆ ತೂಗಿಬಿಟ್ಟಿರುತ್ತದೆ, ಕಾದಾಗ ಕೆಳಮುಖವಾಗಿ ಹಿಗ್ಗಲು ಜಾಗ ಬೇಕೆಂದು. ಅದರ ಕುಲುಮೆಯ ಗೋಡೆಗಳೆಂದರೆ ಒಂದಕ್ಕೊಂದು ಒತ್ತಾಗಿ ನಿಲ್ಲಿಸಿದ ನೀರಿನ ಕೊಳವೆಗಳು. ಕಲ್ಲಿದ್ದಲ ಬೂದಿ ವೇಗವಾಗಿ ಉಜ್ಜಿ ಹೋಗುವಲ್ಲಿ ಈ ಕೊಳವೆಗಳು ಸವೆಯುತ್ತವೆ, ಸವೆದದ್ದು ಒಂದು ದಿನ ಸೀಳುತ್ತದೆ. ಅದಕ್ಕೇ ಘಟಕವನ್ನು ಕಾಲಕಾಲಕ್ಕೆ ನಿಲ್ಲಿಸಿ, ಕುಲುಮೆ ತಣಿದ ಮೇಲೆ ಒಳಗೆ ಮನುಷ್ಯರು ಇಳಿದು, ಅಲ್ಟ್ರಾಸೋನಿಕ್ ಮಾಪಕ ಹಿಡಿದು ಕೊಳವೆಯ ದಪ್ಪವನ್ನು ಮಿಲಿಮೀಟರಿನ ಹತ್ತನೇ ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ಆ ಎತ್ತರಕ್ಕೆ ಅವರನ್ನು ಒಯ್ಯುವುದು ತೂಗುತೊಟ್ಟಿಲು ಅಥವಾ ಕುಲುಮೆಯ ತಳದಿಂದ ಮೇಲಕ್ಕೆ ಕಟ್ಟಿದ ಸಾರುವೆ. ಕೊಳವೆಯ ಬಗ್ಗೆ ಇಷ್ಟು ಚಿಂತೆ ಮಾಡುವ ಪರೀಕ್ಷಕ ತನ್ನ ಕಾಲ ಕೆಳಗಿನ ಹಲಗೆಯನ್ನು ಯಾರು ಪರೀಕ್ಷಿಸಿದರು ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಅಷ್ಟು ಖಚಿತವಾಗಿರುವುದಿಲ್ಲ.

ಬಾಯ್ಲರಿಗೆ ಈ ಮರ್ಯಾದೆ ಸುಮ್ಮನೆ ಸಿಕ್ಕಿದ್ದಲ್ಲ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಜನ ಸತ್ತರು. ಮರುವರ್ಷ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಯ ಕಾನೂನು ಬಂತು, 1923ರಲ್ಲಿ ಇಡೀ ದೇಶಕ್ಕೆ ಒಂದೇ ಬಾಯ್ಲರ್ ಕಾಯ್ದೆಯಾಯಿತು. ಅದರ ಜಾಗಕ್ಕೆ ಈಗ 2025ರ ಕಾಯ್ದೆ ಬಂದಿದೆ. ಈ ಕಾನೂನಿನ ಜಾಣತನ ತಪಾಸಣೆ ಕಡ್ಡಾಯ ಮಾಡಿದ್ದರಲ್ಲಷ್ಟೇ ಇಲ್ಲ. ಪ್ರಮಾಣಪತ್ರ ಯಾವಾಗ ಸಾಯುತ್ತದೆ ಎಂಬುದನ್ನು ಅದು ಸ್ಪಷ್ಟವಾಗಿ ಬರೆದಿಟ್ಟಿತು. ಅವಧಿ ಮುಗಿದರೆ ಸಾಯುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಬಾಯ್ಲರಿಗೆ ಅಪಘಾತವಾದರೂ, ಅದನ್ನು ಬೇರೆಡೆಗೆ ಸಾಗಿಸಿದರೂ, ಅದರ ರಚನೆಯಲ್ಲಿ ಬದಲಾವಣೆ ಮಾಡಿದರೂ, ದಿನಾಂಕ ಇನ್ನೂ ಉಳಿದಿದ್ದರೂ, ಕೈಲಿರುವ ಪತ್ರಕ್ಕೆ ಬೆಲೆಯಿಲ್ಲ. ಮತ್ತೆ ನೋಡಿ, ಮತ್ತೆ ಬರೆದುಕೊಡಬೇಕು. ಬರೆದುಕೊಡುವವನು ಬಾಯ್ಲರಿನ ಒಡೆಯನ ಸಂಬಳದವನಾಗಿರಬಾರದು ಎಂಬುದೂ ಆ ವ್ಯವಸ್ಥೆಯ ಮೂಲ ಗುಣ. ನನ್ನ ವಾದ ಇಷ್ಟೇ: ಉಗಿ ತುಂಬಿದ ಪಾತ್ರೆಗೆ ನಾವು ಒಪ್ಪಿಕೊಂಡ ಈ ತರ್ಕ ಮನುಷ್ಯರನ್ನು ಹೊತ್ತ ಸಾರುವೆಗೆ ಇನ್ನೂ ಹೆಚ್ಚು ಒಪ್ಪುತ್ತದೆ. ಬಾಯ್ಲರು ವರ್ಷಕ್ಕೊಮ್ಮೆ ಬದಲಾದರೆ ಸಾರುವೆ ದಿನಕ್ಕೆ ನಾಲ್ಕು ಸಲ ಬದಲಾಗುತ್ತದೆ. ಅದರ ಬಲ ಅದರ ಉಕ್ಕಿನಲ್ಲಿರುವುದಕ್ಕಿಂತ ಹೆಚ್ಚಾಗಿ ಅದರ ಜೋಡಣೆಯಲ್ಲಿದೆ, ಮತ್ತು ಜೋಡಣೆ ಕೆಟ್ಟದ್ದು ಹೊರಗಣ್ಣಿಗೆ ಕಾಣುವುದಿಲ್ಲ.

ಬಲ ಜೋಡಣೆಯಲ್ಲಿದೆ ಎನ್ನುವುದನ್ನು ಅಂಕಿಯಲ್ಲೇ ನೋಡೋಣ. ಸಾರುವೆಗೆ ಬಳಸುವ ಪೈಪಿನ ಹೊರವ್ಯಾಸ 48.3 ಮಿಲಿಮೀಟರ್, ಗೋಡೆಯ ದಪ್ಪ ನಮ್ಮಲ್ಲಿ ಹೆಚ್ಚಾಗಿ 3.2 ಮಿಲಿಮೀಟರ್. ನೆಟ್ಟಗೆ ನಿಂತ ಇಂಥ ಪೈಪಿನ ಮೇಲೆ ಭಾರ ಹೇರುತ್ತ ಹೋದರೆ ಅದು ನುಜ್ಜುಗುಜ್ಜಾಗುವ ಮೊದಲೇ ಪಕ್ಕಕ್ಕೆ ಬಾಗಿ ಕೈಬಿಡುತ್ತದೆ. ಉದ್ದನೆಯ ಪೊರಕೆಕಡ್ಡಿಯನ್ನು ನೆಲಕ್ಕೆ ಒತ್ತಿದರೆ ಬಿಲ್ಲಾಗುತ್ತದೆ, ಅದನ್ನೇ ಬೆರಳುದ್ದ ಮುರಿದು ಒತ್ತಿದರೆ ಬೆರಳೇ ನೋಯುತ್ತದೆ. ಸ್ವಿಟ್ಜರ್‌ಲೆಂಡಿನ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 18ನೇ ಶತಮಾನದಲ್ಲಿ ಇದಕ್ಕೆ ಸೂತ್ರ ಕೊಟ್ಟ. ಕಂಬ ಬಾಗುವ ಭಾರ ಅದರ ಉದ್ದದ ವರ್ಗಕ್ಕೆ ವಿಲೋಮವಾಗಿರುತ್ತದೆ, ಅಂದರೆ ಉದ್ದ ಎರಡರಷ್ಟಾದರೆ ತಾಳುವ ಭಾರ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಇಲ್ಲಿ ಉದ್ದವೆಂದರೆ ಪೈಪಿನ ಪೂರ್ತಿ ಉದ್ದವಲ್ಲ, ಪಕ್ಕಕ್ಕೆ ಸರಿಯದಂತೆ ಹಿಡಿದಿರುವ ಎರಡು ಜಾಗಗಳ ನಡುವಿನ ಅಂತರ. ಎರಡು ಮೀಟರಿಗೊಂದು ಅಡ್ಡ ಪೈಪು ಇದ್ದಾಗ ಈ ಕಂಬ ಲೆಕ್ಕದ ಆದರ್ಶ ಸ್ಥಿತಿಯಲ್ಲಿ ಸುಮಾರು ಆರು ಟನ್ ಹೊರುತ್ತದೆ. ನಡುವಿನ ಒಂದು ಅಡ್ಡ ಪೈಪನ್ನು ಬಿಚ್ಚಿ, ಹಿಡಿತದ ಅಂತರವನ್ನು ನಾಲ್ಕು ಮೀಟರಾಗಿಸಿದರೆ ಒಂದೂವರೆ ಟನ್ನಿಗೆ ಬರುತ್ತದೆ. ಕಂಬ ಅದೇ, ಉಕ್ಕು ಅದೇ, ನೆಟ್ಟಗೇ ನಿಂತಿದೆ, ಬಿಚ್ಚಿದವನ ಕಣ್ಣಿಗೆ ಏನೂ ಆಗಿಲ್ಲ. ಅವನೇನು ಹಾಳು ಮಾಡಬೇಕೆಂದು ಬಿಚ್ಚಿದವನೂ ಅಲ್ಲ. ಇನ್ಸುಲೇಷನ್ ತಗಡನ್ನು ಒಳಗೆ ತೂರಿಸಲು ಜಾಗ ಬೇಕಿತ್ತು, ಪೈಪು ಅಡ್ಡ ಬಂತು. ಸಾರುವೆಯನ್ನು ಕಟ್ಟುವ ತಂಡ ಒಂದು, ಬಳಸುವ ತಂಡಗಳು ಹಲವು: ವೆಲ್ಡರುಗಳು, ಬಣ್ಣದವರು, ಇನ್ಸುಲೇಷನ್‌ನವರು, ಅಳತೆಯವರು. ಒಬ್ಬೊಬ್ಬರ ಅಡ್ಡಿಯೂ ಇನ್ನೊಬ್ಬರ ಆಧಾರ. ನಿನ್ನೆ ಸಂಜೆ ಪಾಸಾದ ಸಾರುವೆ ಇಂದು ಬೆಳಿಗ್ಗೆಯ ಹೊತ್ತಿಗೆ ಬೇರೆಯೇ ರಚನೆಯಾಗಿರಬಹುದು.

ಕ್ಲಾಂಪಿನ ಕತೆ ಇನ್ನೂ ಸೂಕ್ಷ್ಮ. ಎರಡು ಪೈಪುಗಳನ್ನು ಲಂಬಕೋನದಲ್ಲಿ ಹಿಡಿಯುವ ಕ್ಲಾಂಪು ಕೇವಲ ಘರ್ಷಣೆಯ ಬಲದಿಂದ ಭಾರ ಹೊರುತ್ತದೆ. ಬೋಲ್ಟು ಬಿಗಿದಷ್ಟೂ ಹಿಡಿತ. ಯುರೋಪಿನ ಮಾನಕದ ಕ್ಲಾಂಪುಗಳಿಗೆ ಬಿಗಿತ ಸುಮಾರು 50 ನ್ಯೂಟನ್ ಮೀಟರ್ ಇರಬೇಕೆನ್ನುತ್ತಾರೆ. ಇಪ್ಪತ್ತು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಇಪ್ಪತ್ತೈದು ಕಿಲೋ ತೂಕದಷ್ಟು ಬಲ ಹಾಕಿದರೆ ಅಷ್ಟಾಗುತ್ತದೆ. ಹಾಗೆ ಬಿಗಿದ ಕ್ಲಾಂಪು ಸುರಕ್ಷಿತವಾಗಿ ಹೊರುವುದು ಆರು ಕಿಲೋನ್ಯೂಟನ್, ಅಂದರೆ ಆರುನೂರು ಕಿಲೋಗ್ರಾಂ ಭಾರದ ಆಸುಪಾಸು. ಅರ್ಧ ಬಿಗಿದದ್ದೂ ನೋಡಲು ಹಾಗೇ ಇರುತ್ತದೆ. ಎಣ್ಣೆ, ಬಣ್ಣ, ಬೂದಿ ಅಂಟಿದ ಪೈಪಿನ ಮೇಲೆ ಪೂರ್ತಿ ಬಿಗಿದದ್ದೂ ಜಾರಬಹುದು. ಪೈಪಿನದೂ ಇದೇ ಪಾಡು. ಎರಡೂ ತುದಿ ತೆರೆದ ಪೈಪು ಮಳೆಗಾಲ ಪೂರ್ತಿ ಅಂಗಳದಲ್ಲಿ ಬಿದ್ದಿದ್ದರೆ ತುಕ್ಕು ಒಳಗಿನಿಂದ ತಿನ್ನುತ್ತದೆ, ಮೇಲೆ ಹೊಸ ಬಣ್ಣ ಹೊಳೆಯುತ್ತಿರುತ್ತದೆ. 3.2 ಮಿಲಿಮೀಟರ್ ಗೋಡೆ 2.4ಕ್ಕೆ ಇಳಿದರೆ ಸುಮಾರು ಕಾಲು ಭಾಗ ಉಕ್ಕು ಹೋದಂತೆ, ಬಾಗದೆ ನಿಲ್ಲುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಹೋದಂತೆ. ಇಲ್ಲೊಂದು ವಿಪರ್ಯಾಸವಿದೆ. ಬಾಯ್ಲರಿನ ಕೊಳವೆಯ ದಪ್ಪ ಅಳೆಯಲು ಆ ಸಾರುವೆಯ ಮೇಲೆ ಹತ್ತಿದವನ ಕೈಯಲ್ಲಿ ಇರುವ ಮಾಪಕವೇ ಸಾರುವೆಯ ಪೈಪಿನ ದಪ್ಪವನ್ನೂ ಅಳೆಯಬಲ್ಲದು. ಉಪಕರಣ ಅಲ್ಲೇ ಇದೆ, ಹೊಸದಾಗಿ ಕೊಳ್ಳಬೇಕಿಲ್ಲ. ಆದ್ದರಿಂದ ಸಾರುವೆಯ ತಪಾಸಣೆ ಎಂದರೆ ಕೆಳಗೆ ನಿಂತು ತಲೆಯೆತ್ತಿ ನೋಡುವುದು ಎಂಬ ರೂಢಿ ಬಿಡಬೇಕು. ಸ್ಪ್ಯಾನರು ಮುಟ್ಟದ ಕ್ಲಾಂಪು ಪರೀಕ್ಷೆಯಾದ ಕ್ಲಾಂಪಲ್ಲ.

ನೆಲ ಮತ್ತು ಗಾಳಿಯ ವಿಷಯದಲ್ಲಿ ಊರು ಮುಖ್ಯವಾಗುತ್ತದೆ. ನಾಗಪುರದ ಸುತ್ತಲಿನ ಕಪ್ಪು ಮಣ್ಣು ನಮ್ಮ ರಾಯಚೂರು, ಧಾರವಾಡದ ಎರೆಮಣ್ಣಿನ ಬಳಗದ್ದು. ಬೇಸಿಗೆಯಲ್ಲಿ ಬಿರಿದು ಕಲ್ಲಿನಂತಿರುತ್ತದೆ, ಮೊದಲ ಮಳೆಗೆ ಉಬ್ಬಿ ಮೆತ್ತಗಾಗುತ್ತದೆ. ಹೊರಗೆ ನಿಂತ ಸಾರುವೆಯ ಒಂದು ಕಂಬದ ಮೇಲೆ ಒಂದೂವರೆ ಟನ್ ಬಿದ್ದಿದೆ ಎಂದುಕೊಳ್ಳಿ. ಹದಿನೈದು ಸೆಂಟಿಮೀಟರ್ ಚೌಕದ ಬೇಸ್ ಪ್ಲೇಟಿನಡಿ ಒತ್ತಡ ಚದರ ಸೆಂಟಿಮೀಟರಿಗೆ ಆರೂಮುಕ್ಕಾಲು ಕಿಲೋ. ಒದ್ದೆ ಎರೆಮಣ್ಣು ಅದಕ್ಕಿಂತ ಎಷ್ಟೋ ಮೊದಲೇ ಕುಸಿಯುತ್ತದೆ. ಅದೇ ಪ್ಲೇಟಿನಡಿ ಒಂಬತ್ತು ಇಂಚು ಅಗಲದ, ಒಂದು ಮೀಟರ್ ಉದ್ದದ ದಪ್ಪ ಹಲಗೆ ಹಾಕಿದರೆ ಒತ್ತಡ ಹತ್ತರಲ್ಲೊಂದು ಪಾಲಾಗುತ್ತದೆ. ಹಲಗೆಯ ಬದಲು ಇಟ್ಟಿಗೆ ತುಂಡು ಕೊಟ್ಟು ನಿಲ್ಲಿಸಿದರೆ ಲೆಕ್ಕ ತಲೆಕೆಳಗು. ಎಲ್ಲ ಕಂಬವೂ ಸಮನಾಗಿ ಇಳಿದರೆ ಅಪಾಯ ಅಷ್ಟಿಲ್ಲ, ಒಂದು ಮಾತ್ರ ಇಳಿದರೆ ಅದರ ಭಾರ ನೆರೆಯ ಕಂಬಗಳ ಮೇಲೆ ಬೀಳುತ್ತದೆ. ಇನ್ನು ಗಾಳಿ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಊರೂರಿಗೆ ವಿನ್ಯಾಸದ ಮೂಲ ಗಾಳಿವೇಗ ಕೊಡುತ್ತದೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ನಾಗಪುರಕ್ಕೆ 44. ಮೂರನೇ ಒಂದರಷ್ಟು ಹೆಚ್ಚು ಎನಿಸಬಹುದು, ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣ, ಹಾಗಾಗಿ ತಳ್ಳುವ ಬಲ ಸುಮಾರು 1.8 ಪಟ್ಟು. ಸಾರುವೆಯನ್ನು ಕಟ್ಟಡಕ್ಕೆ ಹಿಡಿದಿಡುವ ಟೈಗಳಿಗೆ ಬೆಂಗಳೂರಿನಲ್ಲಿ ಸಾಕಾದ ಅಂತರವನ್ನು ಖಾಪರಖೇಡಾದಲ್ಲಿ ಹಾಗೆಯೇ ನಕಲು ಮಾಡುವಂತಿಲ್ಲ. ಧೂಳು ತಡೆಯಲೆಂದು ಹಸಿರು ಬಲೆ ಕಟ್ಟಿದ ದಿನ, ಗಾಳಿ ಸಲೀಸಾಗಿ ನುಗ್ಗಿ ಹೋಗುತ್ತಿದ್ದ ಚೌಕಟ್ಟು ಗಾಳಿಯನ್ನು ಎದುರಿಸುವ ಗೋಡೆಯಾಗುತ್ತದೆ. ಬಲೆ ಕಟ್ಟುವುದೂ ರಚನೆಯ ಬದಲಾವಣೆಯೇ. ಹಳೆಯ ಪ್ರಮಾಣಪತ್ರ ಅಲ್ಲಿಗೆ ಮುಗಿಯಬೇಕು.

ಭಾರದ ಬಗ್ಗೆ ಹೆಚ್ಚು ಬೆಳೆಸಬೇಕಿಲ್ಲ. ಸಾಮಾನ್ಯ ಕೆಲಸದ ಸಾರುವೆ ಚದರ ಮೀಟರಿಗೆ ಸುಮಾರು 200 ಕಿಲೋ ಹೊರಲೆಂದು ಕಟ್ಟಿರುತ್ತದೆ, ಅಂದರೆ ನಾಲ್ಕು ಸಿಮೆಂಟ್ ಚೀಲ ಇಳಿಸಿದರೆ ಆ ಚೌಕದಲ್ಲಿ ಮನುಷ್ಯನಿಗೆ ಪಾಲಿಲ್ಲ. ಕುಲುಮೆಯ ಒಳಗೆ ಚೀಲ ತರುವವರೂ ಬೇಕಿಲ್ಲ. ಮೇಲಿನ ಕೊಳವೆಗಳಿಂದ ಉದುರುವ ಬೂದಿ ಹಲಗೆಯ ಮೇಲೆ ಹತ್ತು ಸೆಂಟಿಮೀಟರ್ ಕೂತರೆ ಅದೇ ಚದರ ಮೀಟರಿಗೆ ನೂರು ಕಿಲೋ ಸಮೀಪಿಸುತ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು. ಗಟ್ಟಿಯಾಗಿ ಅಂಟಿದ ಕ್ಲಿಂಕರ್ ಗಡ್ಡೆ ಬೀಳುವುದು ಬೇರೆಯೇ ಮಾತು: ನಿಧಾನವಾಗಿ ಇಟ್ಟ ಭಾರಕ್ಕಿಂತ ಒಮ್ಮೆಲೇ ಕೈಬಿಟ್ಟ ಭಾರ, ಎತ್ತರದಿಂದ ಬೀಳದಿದ್ದರೂ, ಎರಡರಷ್ಟು ತ್ರಾಸ ಕೊಡುತ್ತದೆ. ಎತ್ತರದಿಂದ ಬಿದ್ದರೆ ಕೇಳುವುದೇ ಬೇಡ. ಮೇಲಿನ ಕ್ಲಿಂಕರನ್ನು ಕೆಡವಿದ ಮೇಲೆಯೇ ಒಳಗೆ ಸಾರುವೆ ಕಟ್ಟಬೇಕೆನ್ನುವ ನಿಯಮದ ಹಿಂದಿರುವುದು ಇದು.

ಇಲ್ಲಿಯವರೆಗೆ ಹೇಳಿದ್ದು ಸಾರುವೆಯನ್ನೇ ಕುರಿತು. ಆದರೆ ವಿದ್ಯುತ್ ಸ್ಥಾವರಗಳ ಇತಿಹಾಸದ ಅತ್ಯಂತ ಘೋರ ಸಾರುವೆ ದುರಂತಗಳಲ್ಲಿ ತಪ್ಪಿದ್ದು ಸಾರುವೆಯ ಪೈಪಲ್ಲ. 1978ರ ಏಪ್ರಿಲ್ 27ರಂದು ಅಮೆರಿಕದ ಪಶ್ಚಿಮ ವರ್ಜೀನಿಯಾದ ವಿಲ್ಲೋ ಐಲೆಂಡಿನಲ್ಲಿ, ಕಟ್ಟುತ್ತಿದ್ದ ಕೂಲಿಂಗ್ ಟವರಿನ ಸುತ್ತಲ ಸಾರುವೆ ಸುರುಳಿಯಂತೆ ಕಳಚಿ ಒಳಕ್ಕೆ ಬಿತ್ತು. ಟವರು ಆಗ 51 ಮೀಟರಿನಷ್ಟು ಎದ್ದಿತ್ತು. ಮೇಲಿದ್ದ 51 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಸಾರುವೆ ನೆಲದಿಂದ ಎದ್ದದ್ದಾಗಿರಲಿಲ್ಲ, ಟವರಿನ ಕಾಂಕ್ರೀಟ್ ಗೋಡೆಗೇ ಬೋಲ್ಟು ಹಾಕಿ, ಗೋಡೆ ಬೆಳೆದಂತೆ ಮೇಲಕ್ಕೆ ಏರಿಸುತ್ತ ಹೋಗುವಂಥದ್ದು. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ತನಿಖೆ ನಡೆಸಿ ಕಂಡುಕೊಂಡದ್ದು: ಹಿಂದಿನ ದಿನ ಹಾಕಿದ ಕಾಂಕ್ರೀಟು ಮರುದಿನದ ಭಾರ ಹೊರುವಷ್ಟು ಗಟ್ಟಿಯಾಗಿರಲಿಲ್ಲ. ಚಳಿಯಲ್ಲಿ ಸಿಮೆಂಟಿನ ರಾಸಾಯನಿಕ ಕ್ರಿಯೆ ನಿಧಾನ, ಕ್ಯಾಲೆಂಡರಿನ ಒಂದು ದಿನ ಕಾಂಕ್ರೀಟಿನ ಪಾಲಿಗೆ ಒಂದು ದಿನವಾಗಿರುವುದಿಲ್ಲ. ಇಷ್ಟೆಲ್ಲ ತಿಳಿದ ಮೂವತ್ತೆಂಟು ವರ್ಷಗಳ ಮೇಲೆ, 2016ರ ನವೆಂಬರ್ 24ರಂದು, ಚೀನಾದ ಜಿಯಾಂಗ್‌ಶಿ ಪ್ರಾಂತದ ಫೆಂಗ್‌ಚೆಂಗ್ ವಿದ್ಯುತ್ ಸ್ಥಾವರದ ಕೂಲಿಂಗ್ ಟವರಿನಲ್ಲಿ ಅದೇ ಪಾಠ ಮರುಕಳಿಸಿತು. ಚಳಿ, ಅವಸರದ ವೇಳಾಪಟ್ಟಿ, ಬಲ ಬರುವ ಮೊದಲೇ ಬಿಚ್ಚಿದ ಅಚ್ಚು, ಎಪ್ಪತ್ತಕ್ಕೂ ಹೆಚ್ಚು ಸಾವು. ಎರಡೂ ಕಡೆ ಸಾರುವೆಯ ಪ್ರತಿ ಕ್ಲಾಂಪನ್ನು ಮುಟ್ಟಿ ನೋಡಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಸಾರುವೆ ಯಾವುದನ್ನು ನಂಬಿ ನಿಂತಿದೆಯೋ ಅದನ್ನು, ಅಂದರೆ ಆ ಬೆಳಿಗ್ಗೆಯ ಕಾಂಕ್ರೀಟಿನ ಬಲವನ್ನು, ಅಳೆಯಬೇಕಿತ್ತು.

ಹೊರುವುದಕ್ಕೂ ಹತ್ತುವುದಕ್ಕೂ ನಡುವಿನ ಗೆರೆ ನಮ್ಮ ಕಟ್ಟಡಗಳಲ್ಲಿ ಅಷ್ಟು ಸ್ಪಷ್ಟವಾಗಿರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಖಾಪರಖೇಡಾದ ನೆರೆಯ ಕೊರಾಡಿಯಲ್ಲಿ, ಮಹಾಲಕ್ಷ್ಮಿ ಜಗದಂಬಾ ದೇವಸ್ಥಾನಕ್ಕಾಗಿ ಕಟ್ಟುತ್ತಿದ್ದ ಮಹಾದ್ವಾರದ ಸ್ಲ್ಯಾಬು 2025ರ ಆಗಸ್ಟ್ 9ರ ರಾತ್ರಿ ಕುಸಿದು ಹದಿನೈದಕ್ಕೂ ಹೆಚ್ಚು ಕಾರ್ಮಿಕರು ಗಾಯಗೊಂಡರು. ಬೆಂಗಳೂರಿನ ಹೆಬ್ಬಾಳದ ಬಳಿ, ಕಟ್ಟುತ್ತಿದ್ದ ಒಳಚರಂಡಿ ನೀರು ಶುದ್ಧೀಕರಣ ಘಟಕದಲ್ಲಿ 2019ರ ಜೂನ್ 17ರಂದು ಸಾರುವೆ ಕುಸಿದು ಮೂವರು ಸತ್ತರು. ಹಸಿ ಕಾಂಕ್ರೀಟು ಘನ ಮೀಟರಿಗೆ ಎರಡೂವರೆ ಟನ್ ತೂಗುತ್ತದೆ, ತನ್ನನ್ನು ತಾನು ಒಂದಿಷ್ಟೂ ಹೊತ್ತುಕೊಳ್ಳುವುದಿಲ್ಲ. ಗಟ್ಟಿಯಾಗುವವರೆಗೆ ಪೂರ್ತಿ ಭಾರ ಸೆಂಟ್ರಿಂಗಿನ, ಅಂದರೆ ಕೆಳಗಿನ ತಾತ್ಕಾಲಿಕ ಆಸರೆಯ ಮೇಲೆ. ಸೆಂಟ್ರಿಂಗಿನ ಕಂಬಕ್ಕೂ ಸಾರುವೆಯ ಕಂಬಕ್ಕೂ ಆಯ್ಲರನ ಸೂತ್ರ ಒಂದೇ. ನಕ್ಷೆಯಲ್ಲಿ ಉಳಿಯುವ ಸ್ಲ್ಯಾಬಿಗೆ ಎಂಜಿನಿಯರರ ಸಹಿ ಇರುತ್ತದೆ, ನಕ್ಷೆಯಿಂದ ಕಾಣೆಯಾಗುವ ಆಸರೆಗೆ ಎಷ್ಟೋ ಕಡೆ ಮೇಸ್ತ್ರಿಯ ಅಂದಾಜೇ ಸಹಿ.

ಸಾರುವೆಗೂ ಬಾಯ್ಲರಿನಂಥ ತಪಾಸಣೆ ಬೇಕೆಂಬ ನನ್ನ ಮಾತಿಗೆ ಬರುವ ಮೊದಲ ಆಕ್ಷೇಪ ಗೌರವಕ್ಕೆ ಅರ್ಹವಾದದ್ದು. ಬಿದಿರು, ಸರ್ವೆ ಮರ, ಹಗ್ಗ, ಇಷ್ಟರಲ್ಲೇ ನಮ್ಮವರು ಗೋಪುರ ಕಟ್ಟಿದರು, ಯಾವ ಸೂತ್ರ, ಯಾವ ಪ್ರಮಾಣಪತ್ರ ಇತ್ತು ಎಂದು ಕೇಳುತ್ತಾರೆ. ಬಿದಿರು ಒಳ್ಳೆಯ ವಸ್ತುವೇ, ತೂಕಕ್ಕೆ ಹೋಲಿಸಿದರೆ ಅದರ ಬಲ ಬೆರಗು ಹುಟ್ಟಿಸುತ್ತದೆ. ಮುರಿಯುವ ಮೊದಲು ಕಿರುಗುಟ್ಟಿ ಎಚ್ಚರಿಸುವ ಗುಣವೂ ಅದಕ್ಕಿದೆ. ಆದರೆ ಆ ಕಾಲದ ವ್ಯವಸ್ಥೆಯಲ್ಲಿ ತಪಾಸಣೆ ಇರಲಿಲ್ಲ ಎನ್ನುವುದು ಸರಿಯಲ್ಲ. ಕಟ್ಟುವವನು, ಹತ್ತುವವನು, ಬಿಚ್ಚುವವನು ಒಂದೇ ತಂಡದವರಾಗಿದ್ದರು. ಯಾವ ಗಂಟು ಸಡಿಲ ಎಂಬುದು ಅದನ್ನು ಹಾಕಿದ ಕೈಗೇ ಗೊತ್ತಿರುತ್ತಿತ್ತು. ಇಂದಿನ ಗುತ್ತಿಗೆಯ ಕೆಲಸದಲ್ಲಿ ಆ ತಿಳಿವಳಿಕೆ ನಾಲ್ಕು ಕಡೆ ಹಂಚಿಹೋಗಿದೆ. ತಂಡದೊಳಗೆ ಮಾತಿಲ್ಲದೆ ನಡೆಯುತ್ತಿದ್ದದ್ದು ಈಗ ತಂಡತಂಡಗಳ ನಡುವೆ ಬರವಣಿಗೆಯಲ್ಲಿ ನಡೆಯಬೇಕಾಗಿದೆ. ಹಳೆಯ ಕೌಶಲ ಇದ್ದಲ್ಲೂ ಹೊಸ ವಸ್ತು ಸೇರಿದಾಗ ಲೆಕ್ಕ ಬದಲಾಗುತ್ತದೆ. ಬಿದಿರ ಸಾರುವೆಯ ಕಲೆಯನ್ನು ನುರಿತು ಉಳಿಸಿಕೊಂಡ ಹಾಂಗ್‌ಕಾಂಗಿನಲ್ಲೇ 2025ರ ನವೆಂಬರ್ 26ರಂದು, ದುರಸ್ತಿಗಾಗಿ ಬಿದಿರು ಸಾರುವೆ ಮತ್ತು ಬಲೆ ಹೊದಿಸಿದ್ದ ತಾಯ್‌ಪೋದ ವಸತಿ ಕಟ್ಟಡಗಳಿಗೆ ಬೆಂಕಿ ಹತ್ತಿ 150ಕ್ಕೂ ಹೆಚ್ಚು ಜನ ಸತ್ತರು. ಕೆಲವು ಕಡೆಯ ಬಲೆ ಬೆಂಕಿ ತಡೆಯುವ ಮಾನಕಕ್ಕೆ ತಕ್ಕುದಾಗಿರಲಿಲ್ಲವೆಂದು ಅಲ್ಲಿನ ಅಧಿಕಾರಿಗಳೇ ಹೇಳಿದರು. ಸಾರುವೆಗೆ ಸೇರಿಸಿದ ಪ್ರತಿಯೊಂದು ವಸ್ತುವೂ ಸಾರುವೆಯೇ, ವೆಲ್ಡಿಂಗ್ ಕಿಡಿ ಹಾರುವ ಬಾಯ್ಲರ್ ಮನೆಯಲ್ಲಂತೂ ಇದನ್ನು ಮರೆಯುವಂತಿಲ್ಲ.

ಎರಡನೆಯ ಆಕ್ಷೇಪ ಕಾರ್ಮಿಕನ ಕಡೆಗೆ ಬೆರಳು ಮಾಡುತ್ತದೆ. ಬೆಲ್ಟು ಕೊಟ್ಟಿದ್ದೇವೆ, ಹಾಕಿಕೊಳ್ಳದಿದ್ದರೆ ಯಾರೇನು ಮಾಡಲಾದೀತು? ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಅಧ್ಯಯನವೊಂದರಲ್ಲಿ, ಸಾರುವೆ ಅಪಘಾತದಲ್ಲಿ ಗಾಯಗೊಂಡವರ ಪೈಕಿ ಶೇಕಡಾ 72 ಮಂದಿ ಹಲಗೆ ಅಥವಾ ಆಸರೆ ಕೈಕೊಟ್ಟದ್ದನ್ನು, ಕಾಲು ಜಾರಿದ್ದನ್ನು ಇಲ್ಲವೇ ಮೇಲಿಂದ ವಸ್ತು ಬಿದ್ದದ್ದನ್ನು ಕಾರಣವಾಗಿ ಹೇಳಿದ್ದರು. ಕಾಲು ಜಾರುವುದರಲ್ಲಿ ಮನುಷ್ಯನ ಪಾಲಿದೆ ಎಂದು ಒಪ್ಪಿದರೂ ಉಳಿದೆರಡು ಸಾರುವೆಯ ಸ್ಥಿತಿಗೆ ಸೇರಿದವು. ಬೆಲ್ಟಿನ ಭೌತಶಾಸ್ತ್ರವನ್ನೂ ಸ್ವಲ್ಪ ನೋಡಬೇಕು. ಆರು ಮೀಟರ್ ಎತ್ತರದಿಂದ ಬೀಳುವವನು 1.1 ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾನೆ, ಆಗ ಅವನ ವೇಗ ಗಂಟೆಗೆ 39 ಕಿಲೋಮೀಟರ್. ಏನನ್ನಾದರೂ ಹಿಡಿದುಕೊಳ್ಳುವಷ್ಟು ಸಮಯ ಅದಲ್ಲ. ಪೂರ್ಣದೇಹದ ಬೆಲ್ಟಿನ ಹಗ್ಗ ಎರಡು ಮೀಟರ್, ಆಘಾತ ಹೀರುವ ಪಟ್ಟಿ ಬಿಚ್ಚಿಕೊಂಡರೆ ಇನ್ನೂ ಒಂದೂಮುಕ್ಕಾಲು, ತೂಗುವವನ ದೇಹದ ಉದ್ದ ಒಂದೂವರೆ, ಸುರಕ್ಷತೆಗೆಂದು ಒಂದು ಮೀಟರ್ ಅಂತರ. ಕೊಕ್ಕೆ ಸಿಕ್ಕಿಸಿದ ಜಾಗದ ಕೆಳಗೆ ಆರು ಮೀಟರಿಗೂ ಮೀರಿ ಖಾಲಿ ಜಾಗ ಬೇಕು. ನಾಲ್ಕು ಮೀಟರ್ ಎತ್ತರದ ಹಲಗೆಯ ಮೇಲೆ ನಿಂತು ಕಾಲಬುಡದ ಪೈಪಿಗೆ ಕೊಕ್ಕೆ ಹಾಕಿದವನನ್ನು ಬೆಲ್ಟು ಹಿಡಿಯುವ ಮೊದಲು ನೆಲ ಹಿಡಿದಿರುತ್ತದೆ. ಇನ್ನೊಂದು ಹೊಂದಿಕೆ ಗಮನಾರ್ಹ: ಬೀಳುವವನನ್ನು ತಡೆಯುವಾಗ ಯುರೋಪಿನ ಮಾನಕದ ಆಘಾತಹೀರಕ ಬಿಡಬಹುದಾದ ಗರಿಷ್ಠ ಬಲ ಆರು ಕಿಲೋನ್ಯೂಟನ್. ಸರಿಯಾಗಿ ಬಿಗಿದ ಕ್ಲಾಂಪೊಂದರ ಸುರಕ್ಷಿತ ಮಿತಿಯೂ ಅಷ್ಟೇ. ಬೆಲ್ಟು ಕೆಲಸ ಮಾಡಬೇಕಾದರೆ ಅದು ಜೋತುಬಿದ್ದ ಕ್ಲಾಂಪು ಚೊಕ್ಕವಾಗಿರಬೇಕು. ಬೆಲ್ಟು ಬೇಡ ಎಂದಲ್ಲ, ಖಂಡಿತ ಬೇಕು. ಆದರೆ ತಪಾಸಣೆಯಾಗದ ಸಾರುವೆಗೆ ಸಿಕ್ಕಿಸಿದ ಬೆಲ್ಟು ಆ ಸಾರುವೆಯಷ್ಟೇ ಭದ್ರ, ಸಾರುವೆಯೇ ಉರುಳಿದರೆ ಹಾಕಿಕೊಂಡವನನ್ನು ಅದರ ಜೊತೆಗೆ ಕಟ್ಟಿದಂತೆ.

ಮೂರನೆಯದು ಸಮಯದ ಆಕ್ಷೇಪ, ಖಾಪರಖೇಡಾದಂಥ ಕಡೆ ಅತ್ಯಂತ ಗಟ್ಟಿಯಾದದ್ದು. 500 ಮೆಗಾವಾಟಿನ ಘಟಕ ಪೂರ್ಣ ಹೊರೆಯಲ್ಲಿ ಒಂದು ದಿನ ನಡೆದರೆ 1.2 ಕೋಟಿ ಯೂನಿಟ್ ವಿದ್ಯುತ್, ಗಂಟೆಗೆ ಐದು ಲಕ್ಷ. ದುರಸ್ತಿಯ ದಿನಗಳನ್ನು ಗಂಟೆಯ ಲೆಕ್ಕದಲ್ಲಿ ಹಿಡಿದಿರುತ್ತಾರೆ. ಪ್ರತಿ ಪಾಳಿಗೂ ಅರ್ಧ ಗಂಟೆ ತಪಾಸಣೆ ಎಂದರೆ ವ್ಯವಸ್ಥಾಪಕನ ತಲೆಯಲ್ಲಿ ಎರಡೂವರೆ ಲಕ್ಷ ಯೂನಿಟ್ ಮಿನುಗುತ್ತದೆ. ಈ ಲೆಕ್ಕ ಸುಳ್ಳಲ್ಲ, ಅಪೂರ್ಣ. ಕುಲುಮೆಯ ಒಂದು ಮೂಲೆಯ ಸಾರುವೆಯನ್ನು ನೋಡುವಾಗ ಟರ್ಬೈನಿನ ಕೆಲಸ ನಿಲ್ಲುವುದಿಲ್ಲ, ಕಲ್ಲಿದ್ದಲು ಪುಡಿ ಮಾಡುವ ಗಿರಣಿಗಳ ಕೆಲಸ ನಿಲ್ಲುವುದಿಲ್ಲ. ಘಟಕ ಮತ್ತೆ ಹೊತ್ತುವ ದಿನವನ್ನು ತೀರ್ಮಾನಿಸುವುದು ಅತಿ ಉದ್ದದ ಕೆಲಸದ ಸರಣಿ, ಎಲ್ಲ ಅರ್ಧ ಗಂಟೆಗಳ ಮೊತ್ತವಲ್ಲ. ಪಾಳಿ ಬದಲಾಗುವ ಹೊತ್ತಿನಲ್ಲಿ, ಹಳಬರು ಇಳಿದು ಹೊಸಬರು ಹತ್ತುವ ಮೊದಲಿನ ಬಿಡುವಿನಲ್ಲಿ ಬಹಳಷ್ಟು ತಪಾಸಣೆ ಮುಗಿಸಬಹುದು. ಕುಸಿತವೊಂದು ನಡೆದರೆ ಮಾತ್ರ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ: ಪೊಲೀಸರು, ತನಿಖೆ, ಮುಟ್ಟಬಾರದೆಂಬ ಆಜ್ಞೆ. ಹಾಗಿದ್ದರೂ ಕೆಲವು ಸಲ ತಪಾಸಣೆ ನಿಜವಾಗಿಯೇ ಕೆಲಸವನ್ನು ತಡ ಮಾಡುತ್ತದೆ ಎಂದು ಒಪ್ಪಬೇಕು. ಆ ತಡದ ಬೆಲೆಯನ್ನು ವೇಳಾಪಟ್ಟಿ ಬರೆಯುವಾಗಲೇ ಹಾಕಿಕೊಳ್ಳದೆ, ಹಲಗೆಯ ಮೇಲೆ ನಿಂತವನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕೊನೆಯ ಆಕ್ಷೇಪ ಅನುಭವಸ್ಥರದು: ತಪಾಸಣೆ ಎಂದರೆ ಕೊನೆಗೆ ಕಾಗದದ ಮೇಲಿನ ಟಿಕ್ ಗುರುತು, ಸಾರುವೆ ಬಳಸಬಹುದೆನ್ನುವ ಹಸಿರು ಟ್ಯಾಗು ನೇತುಹಾಕಿದರೆ ಮುಗಿಯಿತು. ಈ ಸಿನಿಕತೆಗೆ ಆಧಾರವಿದೆ. ನಮ್ಮಲ್ಲಿ ನಿಯಮದ ಬರವಂತೂ ಇಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆ, ಅದರ ಕೆಳಗಿನ 1998ರ ಕೇಂದ್ರ ನಿಯಮಗಳಲ್ಲಿ ಸಾರುವೆಗೆಂದೇ ಒಂದು ಅಧ್ಯಾಯ, ಐಎಸ್ 3696ರಂಥ ಮಾನಕ ಎಲ್ಲ ಇವೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಜವಾಬ್ದಾರಿಯುಳ್ಳ ವ್ಯಕ್ತಿಯ ಮೇಲ್ವಿಚಾರಣೆ ಇಲ್ಲದೆ ಸಾರುವೆ ಕಟ್ಟಬಾರದು, ಬದಲಿಸಬಾರದು, ಬಿಚ್ಚಬಾರದು ಎನ್ನುವುದು ಹಳೆಯ ಮಾತು. ಬ್ರಿಟನ್ನಿನಲ್ಲಿ ಎರಡು ಮೀಟರ್ ಅಥವಾ ಹೆಚ್ಚು ಬೀಳುವ ಅಪಾಯವಿರುವ ಕಟ್ಟಡ ಕೆಲಸದ ಅಟ್ಟಣಿಗೆಯನ್ನು ಕಳೆದ ಏಳು ದಿನಗಳಲ್ಲಿ ತಪಾಸಣೆಯಾಗದೆ ಬಳಸುವಂತಿಲ್ಲ, ಅಮೆರಿಕದಲ್ಲಿ ಪ್ರತಿ ಪಾಳಿಗೆ ಮುಂಚೆ ನೋಡಬೇಕು. ಎರಡೂ ದೇಶ ಸೇರಿಸುವ ಇನ್ನೊಂದು ಷರತ್ತು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ: ಬಲವನ್ನು ಕುಂದಿಸಬಹುದಾದ ಘಟನೆ ನಡೆದರೆ ದಿನಾಂಕ ನೋಡದೆ ಮತ್ತೆ ತಪಾಸಣೆ. ಬಾಯ್ಲರ್ ಕಾಯ್ದೆಯ ತರ್ಕ ಇದೇ. ಟ್ಯಾಗು ಸತ್ಯ ಹೇಳಬೇಕಾದರೆ ಅದನ್ನು ಹಾಕುವುದಕ್ಕಿಂತ ತೆಗೆಯುವುದು ಸುಲಭವಾಗಿರಬೇಕು. ಅಡ್ಡ ಪೈಪು ಬಿಚ್ಚಬೇಕಾದ ಇನ್ಸುಲೇಷನ್ ಕೆಲಸಗಾರ ಬಿಚ್ಚುವ ಮುನ್ನ ಟ್ಯಾಗನ್ನು ಕೆಂಪಿಗೆ ತಿರುಗಿಸುವ ಹಕ್ಕು ಮತ್ತು ಅಭ್ಯಾಸ ಉಳ್ಳವನಾಗಿರಬೇಕು. ಅದಕ್ಕಾಗಿ ಅವನನ್ನು ಬೈಯುವ ಮೇಲ್ವಿಚಾರಕ ಇರಬಾರದು. ಮತ್ತೆ ಹಸಿರಾಗಿಸುವವನು ಸಾರುವೆ ಗುತ್ತಿಗೆದಾರನ ಬಿಲ್ಲಿಗೆ ಕಾಯುವವನಾಗಿರಬಾರದು. ಬಾಯ್ಲರ್ ಇನ್ಸ್‌ಪೆಕ್ಟರರಂತೆ ಸರ್ಕಾರಿ ಸಾರುವೆ ಇನ್ಸ್‌ಪೆಕ್ಟರರನ್ನು ಊರೂರಿಗೆ ನೇಮಿಸುವುದು ಆಗುವ ಮಾತಲ್ಲ, ದೇಶದ ಸಾರುವೆಗಳ ಸಂಖ್ಯೆಗೆ ಅಷ್ಟು ಜನ ಸಿಗುವುದಿಲ್ಲ. ಆದರೆ ಸ್ಥಾವರದ ಒಡೆತನದ ಸಂಸ್ಥೆಯೇ ಸಾರುವೆ ಪರೀಕ್ಷಕನನ್ನು ನೇಮಿಸಿ, ಗುತ್ತಿಗೆಯಿಂದ ಬೇರ್ಪಡಿಸಿ, ಕೆಲಸ ನಿಲ್ಲಿಸುವ ಅಧಿಕಾರ ಕೊಡುವುದು ನಾಳೆಯೇ ಸಾಧ್ಯ. ಕೆಲಸ ನಿಲ್ಲಿಸಿದ ದಾಖಲೆ ಒಂದೂ ಇಲ್ಲದ ತಪಾಸಣಾ ಪುಸ್ತಕವನ್ನು ನಾನಂತೂ ಅನುಮಾನದಿಂದಲೇ ನೋಡುತ್ತೇನೆ.

ತಪಾಸಣೆಯ ಕಣ್ಣು ಅತ್ಯಂತ ಬೇಗ ಮುಚ್ಚುವುದು ಬಿಚ್ಚುವಾಗ. ಕೆಲಸ ಮುಗಿದಿದೆ, ಘಟಕ ಹೊತ್ತಿಸಲು ಮೇಲಿನಿಂದ ಒತ್ತಾಯ ಬರುತ್ತಿದೆ, ಸಾರುವೆ ಈಗ ಬರೀ ಅಡ್ಡಿ. ಕಟ್ಟಿದ ಕ್ರಮದ ಹಿಮ್ಮುಖವಾಗಿ, ಮೇಲಿನಿಂದ ಒಂದೊಂದೇ ಅಂತಸ್ತು ಇಳಿಸುತ್ತ, ಆ ಅಂತಸ್ತಿನ ಟೈಯನ್ನು ಆ ಅಂತಸ್ತು ಹೋಗುವವರೆಗೆ ಉಳಿಸಿಕೊಂಡು ಬರಬೇಕು. ಟೈಗಳನ್ನೆಲ್ಲ ಮೊದಲು ಬಿಚ್ಚಿ ಪೈಪುಗಳನ್ನು ಆಮೇಲೆ ಇಳಿಸುವವರು ಆಸರೆಯಿಲ್ಲದ ಎತ್ತರದ ಕಂಬಗಳ ಮೇಲೆ ನಿಂತಿರುತ್ತಾರೆ, ಅವರ ಪಾಲಿಗೆ ಆಯ್ಲರನ ಅಂತರ ಪ್ರತಿ ನಿಮಿಷ ಬೆಳೆಯುತ್ತಿರುತ್ತದೆ. ಸಾಮಾನು ಮೇಲಿನಿಂದ ಎಸೆಯುವುದೂ ಇಲ್ಲೇ ಶುರುವಾಗುತ್ತದೆ. ಒಂದು ಕಿಲೋ ತೂಗುವ ಕ್ಲಾಂಪು ಅರವತ್ತು ಮೀಟರಿನಿಂದ ಬಿದ್ದರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಗಂಟೆಗೆ 120 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ತಳ ಮುಟ್ಟುತ್ತದೆ. ಹೆಲ್ಮೆಟ್ಟಿನ ವಿನ್ಯಾಸ ಅದಕ್ಕಲ್ಲ. ಹಗ್ಗಕ್ಕೆ ಕಟ್ಟಿ, ಚೀಲದಲ್ಲಿ ತುಂಬಿ ಇಳಿಸಬೇಕು, ಒಳಗೆ ಹೋದ ಪೈಪು, ಹಲಗೆ, ಕ್ಲಾಂಪುಗಳ ಎಣಿಕೆಯನ್ನು ಹೊರಗೆ ಬಂದ ಎಣಿಕೆಯೊಡನೆ ತಾಳೆ ನೋಡಬೇಕು. ಎಣಿಕೆಯಲ್ಲಿ ಕಾಣದ ಕ್ಲಾಂಪು ಬೂದಿ ಹಾಪರಿನ ತಳ ಸೇರಿದ್ದರೆ, ಘಟಕ ಹೊತ್ತಿದ ಮೇಲೆ ಕ್ಲಿಂಕರ್ ಪುಡಿ ಮಾಡುವ ಯಂತ್ರದ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಆಗ ನಿಲ್ಲುವ ಗಂಟೆಗಳನ್ನೂ ತಲಾ ಐದು ಲಕ್ಷ ಯೂನಿಟ್ಟಿನಂತೆ ಎಣಿಸಿಕೊಳ್ಳಬೇಕಾಗುತ್ತದೆ.